ನಮ್ಮ ಬೂದಮ್ಮ

ನಮ್ಮ ಮನೆಯಲ್ಲಿ ಒಂದು ಬೆಕ್ಕಿತ್ತು. ಅದರ ಬಣ್ಣ ಬಿಳಿ. ಆದರೆ ಊರಲ್ಲಿ ಯಾರೂ ಅದನ್ನು ಬಿಳಿ ಬೆಕ್ಕು ಅನ್ನುತ್ತಿರಲಿಲ್ಲ. ಯಾಕೆ ಗೊತ್ತಾ? ಅದು ಮಲಗುತ್ತಿದ್ದುದು ಒಲೆಯ ಬೂದಿಯಲ್ಲಿ. ರಾತ್ರಿ ಕೆಂಡ ಆರಿದ ಮೇಲೆ ಮೆಲ್ಲಗೆ ಒಲೆಯೊಳಗೆ ಇಳಿಯುತ್ತಿತ್ತು. ಬೆಳಗ್ಗೆ ಮೈ ತುಂಬ ಬೂದಿ ಬಳಿದುಕೊಂಡು ಸನ್ಯಾಸಿಯ ಹಾಗೆ ಏಳುತ್ತಿತ್ತು. ಅದಕ್ಕೇ ನಮ್ಮ ಅತ್ತೆ ಅದನ್ನು ಬೂದಮ್ಮ ಎಂದು ಕರೆದರು.

ಒಲೆ ಹಚ್ಚುವ ಮೊದಲು ಅತ್ತೆ ಒಲೆಯೊಳಗೆ ಕೈ ಹಾಕಿ ತಡವುತ್ತಿದ್ದರು.

"ಏಳವ್ವ, ಬೆಳಗಾಯ್ತು. ನಿನ್ನ ಹಾಸಿಗೆಗೆ ಬೆಂಕಿ ಹಾಕ್ಬೇಕು" ಎನ್ನುತ್ತಿದ್ದರು.

ಬೂದಮ್ಮ ಆಕಳಿಸಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಹೊರಗೆ ಬರುತ್ತಿತ್ತು. ನೇರ ಅತ್ತೆಯ ಮಡಿಲಿಗೆ ಹೋಗಿ ಮುಂಗಾಲಿನಿಂದ ಹಿಟ್ಟು ನಾದುವ ಹಾಗೆ ನಾದುತ್ತಿತ್ತು. ಮರಿಗಳು ಹಾಲು ಕುಡಿಯುವಾಗ ತಾಯಿಯ ಹೊಟ್ಟೆಯನ್ನು ಹೀಗೇ ಒತ್ತುತ್ತವೆ. ದೊಡ್ಡದಾದ ಮೇಲೂ ಬೆಕ್ಕು ಆ ಅಭ್ಯಾಸ ಬಿಡುವುದಿಲ್ಲ. ಅತ್ತೆಯ ಸೀರೆಯಲ್ಲಿ ಎಷ್ಟು ಎಳೆ ಕಿತ್ತಿತ್ತೋ ಲೆಕ್ಕವಿಲ್ಲ.

ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಅನ್ನುತ್ತಾರೆ. ಬೂದಮ್ಮ ನಮಗೆ ದಿನಕ್ಕೆ ಹತ್ತು ಸಲ ಅಡ್ಡ ಬರುತ್ತಿತ್ತು. ನಮ್ಮ ಯಾವ ಕೆಲಸವೂ ಕೆಡಲಿಲ್ಲ.

ನಾವಿಬ್ಬರು ವಾರಗಿತ್ತಿಯರು ರಾತ್ರಿ ಅಕ್ಷರ ಕಲಿಯಲು ಹೋಗುತ್ತಿದ್ದೆವು. ಬೂದಮ್ಮನೂ ಬಾಲ ಎತ್ತಿಕೊಂಡು ಹಿಂದೆ ಬರುತ್ತಿತ್ತು. ಪುಸ್ತಕ ತೆರೆದರೆ ಸಾಕು, ಅದರ ಮೇಲೇ ಕೂರುತ್ತಿತ್ತು. ಪಕ್ಕದಲ್ಲಿ ಚಾಪೆ ಖಾಲಿ ಇದ್ದರೂ ಅದಕ್ಕೆ ಪುಸ್ತಕವೇ ಬೇಕು! "ನಿಮಗಿಂತ ಮೊದಲು ಅದೇ ಪಾಸಾಗುತ್ತೆ" ಎಂದು ಉಳಿದವರು ನಗುತ್ತಿದ್ದರು.

ಮರಿ ಹಾಕಿದಾಗಲಂತೂ ನಮಗೆ ಹುಡುಕುವುದೇ ಕೆಲಸ. ಮೊದಲು ಅಟ್ಟದಲ್ಲಿಟ್ಟಿತು. ಆಮೇಲೆ ಸೌದೆ ರಾಶಿಯ ಸಂದಿಗೆ ಒಯ್ದಿತು. ಅಲ್ಲಿಂದ ರಾಗಿ ಬುಟ್ಟಿಗೆ. ಕೊನೆಗೆ ನಮ್ಮ ಟ್ರಂಕಿನಲ್ಲಿದ್ದ ರೇಷ್ಮೆ ಸೀರೆಯ ಮೇಲೆ! ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರಲ್ಲ, ಹಾಗೆ. ಗಂಡು ಬೆಕ್ಕಿನ ಕಣ್ಣಿಗೆ ಮರಿ ಬೀಳಬಾರದೆಂದು ತಾಯಿ ಜಾಗ ಬದಲಾಯಿಸುತ್ತಲೇ ಇರುತ್ತದೆ.

ಒಮ್ಮೆ ಹುಡುಗ ಮರಿಯ ಬಾಲ ಎಳೆದ. ಬೂದಮ್ಮ ಅವನ ಕೈ ಕಚ್ಚಿತು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರಬಹುದು. ಅದಕ್ಕೆ ಗಾಯವನ್ನು ಸೋಪು ಹಚ್ಚಿ, ನೀರು ಸುರಿಯುತ್ತಾ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೂಜಿ ಹಾಕಿದರು. ಹೊಟ್ಟೆಗಲ್ಲ, ತೋಳಿಗೆ.

ಆ ವರ್ಷ ಸುಗ್ಗಿಯಾದ ಮೇಲೆ ಇಲಿ ವಿಪರೀತವಾಯಿತು. ಇಲಿ ತಿಂದದ್ದಕ್ಕಿಂತ ಹಿಕ್ಕೆ ಹಾಕಿ ಕೆಡಿಸಿದ ರಾಗಿಯೇ ಹೆಚ್ಚು. ಬೂದಮ್ಮ ದಿನಾ ಒಂದೆರಡು ಹಿಡಿಯುತ್ತಿತ್ತು. ಹಿಡಿದದ್ದನ್ನು ಮೊದಲು ಅತ್ತೆಯ ಹಾಸಿಗೆಯ ಪಕ್ಕ ತಂದಿಟ್ಟು, ಅವರು "ಭೇಷ್" ಅಂದ ಮೇಲೆಯೇ ತಿನ್ನುತ್ತಿತ್ತು. ಆದರೆ ಒಂದು ಬೆಕ್ಕಿನಿಂದ ಮುಗಿಯುವ ಕೆಲಸ ಅದಾಗಿರಲಿಲ್ಲ. ನಾವು ಸಂತೆಯಿಂದ ಇಲಿ ಪಾಷಾಣ ತಂದೆವು. ರಾತ್ರಿ ಬೂದಮ್ಮನನ್ನು ಕೋಣೆಯಲ್ಲಿ ಕೂಡಿಹಾಕಿ ಪಾಷಾಣ ಇಟ್ಟೆವು. ಬೆಳಗ್ಗೆ ಉಳಿದದ್ದನ್ನು ಬಳಿದು ತೆಗೆದು ಅದನ್ನು ಹೊರಗೆ ಬಿಟ್ಟೆವು. ಬಲು ಜಾಣತನ ಮಾಡಿದೆವು ಅಂದುಕೊಂಡೆವು.

ಆ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಮೂರು ನಾಲ್ಕು ದಿನ ಓಡಾಡುತ್ತದೆ. ಬರಬರುತ್ತಾ ತೂರಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಬೂದಮ್ಮ ದಿನಾ ನಾಲ್ಕೈದು ಹಿಡಿದು ತಂದಿಟ್ಟಿತು. ಅತ್ತೆ "ಭೇಷ್" ಅಂದರು. ನಾವೂ ಖುಷಿಪಟ್ಟೆವು.

ವಾರದೊಳಗೆ ಬೂದಮ್ಮ ಮಂಕಾಯಿತು. ಹಾಲು ಮೂಸಲಿಲ್ಲ. ಕೆಂಪಗಿದ್ದ ಒಸಡು ಬಿಳುಚಿತು. ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಂದು ದಿನ ಕಳೆದೆವು. ಮಾರನೆಯ ದಿನ ಮೂಗಿನಲ್ಲಿ ರಕ್ತ ಬಂತು. ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರು ನೋಡಿದರು. "ಇಲಿಯ ಹೊಟ್ಟೆಯ ವಿಷ ಇದಕ್ಕೂ ಸೇರಿದೆ. ಇದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ, ಒಳಗೇ ಸೋರಿಹೋಗುತ್ತೆ. ಇದಕ್ಕೆ ಮದ್ದಿದೆ. ನಿನ್ನೆ ತಂದಿದ್ದರೆ ನೋಡಬಹುದಿತ್ತು" ಅಂದರು.

ದಾರಿಯಲ್ಲೇ ಬೂದಮ್ಮನ ಉಸಿರು ನಿಂತಿತು. ಹಿತ್ತಿಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂತೆವು. ಅತ್ತೆ ಆ ದಿನ ಊಟ ಮಾಡಲಿಲ್ಲ. ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಪಾಷಾಣದ ಪೊಟ್ಟಣ ಇನ್ನೂ ಸೂರಿನಲ್ಲಿ ಸಿಕ್ಕಿಸಿತ್ತು. ತಂದಾಗ ನಾವು ಮೊದಲ ಪುಸ್ತಕದ ಅರ್ಧದಲ್ಲಿದ್ದೆವು. ಅದರ ಮೇಲಿನ ತಲೆಬುರುಡೆಯ ಚಿತ್ರ ನೋಡಿದ್ದೆವು, ಅಷ್ಟೇ. ಪುಸ್ತಕ ಮುಗಿದ ಮೇಲೆ ಒಂದು ದಿನ ಅದನ್ನು ತೆಗೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದೆವು. ಸತ್ತ ಇಲಿಗಳನ್ನು ಆರಿಸಿ ಹೂಳಬೇಕು ಎಂದಿತ್ತು. ಸಾಕುಪ್ರಾಣಿಗಳನ್ನು ದೂರ ಇಡಬೇಕು ಎಂದಿತ್ತು. ಎಲ್ಲವೂ ಕನ್ನಡದಲ್ಲೇ ಇತ್ತು. ಅತ್ತೆ ಕೇಳಿಸಿಕೊಂಡರು. "ಇನ್ನೊಂದ್ಸಲ ಓದ್ರವ್ವ" ಅಂದರು. ಓದಿದೆವು.

ಈಗ ರಾಗಿಯನ್ನು ಬಿಗಿ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಇಲಿಗೆ ಬೋನು ಇಡುತ್ತೇವೆ. ಬೂದಮ್ಮನ ಒಂದು ಮರಿಯನ್ನು ಮೊದಲೇ ಪಕ್ಕದ ಮನೆಗೆ ಕೊಟ್ಟಿದ್ದೆವು. ಅದು ಆಗಾಗ ಬಂದು ನಮ್ಮ ಪುಸ್ತಕ ಮೂಸುತ್ತದೆ. ಒಲೆಯ ಹತ್ತಿರ ಮಾತ್ರ ಸುಳಿಯುವುದಿಲ್ಲ. ಆದರೂ ಅತ್ತೆ ಬೆಳಗ್ಗೆ ಒಲೆ ಹಚ್ಚುವ ಮೊದಲು ಬೂದಿಯೊಳಗೆ ಕೈ ಹಾಕಿ ತಡವಿ ನೋಡುತ್ತಾರೆ.