ಡಿಕ್ಕಿಯಲ್ಲಿ ಮಲಗಿದ್ದ ನಾಲ್ಕೂವರೆ ಸಾವಿರ

ಜಗಳೂರು ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಕಾರಿನ ಮುಂದಿನ ಎಡಚಕ್ರ ಕುಂತಿತು. ಬಳ್ಳಾರಿ ಜಾಲಿಯ ಮುಳ್ಳು. ಈ ಅಂಕಣಕಾರ ಧೈರ್ಯವಾಗಿಯೇ ಇಳಿದ. ಸ್ಟೆಪ್ನಿ ಇತ್ತಲ್ಲ, ಕಾರು ಕೊಂಡಾಗಿನಿಂದ ನೆಲವನ್ನೇ ಮುಟ್ಟದ್ದು. ಚನ್ನಗಿರಿ ತೋಟದಿಂದ ಅತ್ತೆಮನೆಗೆಂದು ತಂದ ಎಳನೀರನ್ನೆಲ್ಲ ಕೆಳಗಿಳಿಸಿ ಟೈರು ಎತ್ತಿದರೆ, ಅದರ ಮೈಮೇಲಿನ ರಬ್ಬರ್ ಕೂದಲೂ ಉದುರಿರಲಿಲ್ಲ. ಗಾಳಿ ಮಾತ್ರ ಅರ್ಧಕ್ಕರ್ಧ ಇಲ್ಲ. ಪಕ್ಕದಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು.

ಹೇಗೋ ಪಂಚರ್ ಅಂಗಡಿ ಮುಟ್ಟಿದ್ದಾಯಿತು. ಅಂಗಡಿಯವನು ಟೈರಿನ ಮೈಮೇಲೆ ಬೆರಳಾಡಿಸಿ ‘2315’ ಎಂಬ ಅಂಕಿ ತೋರಿಸಿದ. 2015ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಆಗ ನಡೆಯುತ್ತಿದ್ದದ್ದು 2024. ‘ಹಬ್ಬದ ಸೀರೆ ಎತ್ತಿಟ್ಟಂಗೆ ಇಟ್ಟೀರಲ್ಲ ಸರ, ಇದನ್ನ ಹಾಕ್ಕೊಂಡು ದೂರ ಹೋಗಬ್ಯಾಡ್ರಿ’ ಎಂದ.

ಒಂದಿಂಚೂ ಓಡದ ಟೈರು ಗುಜರಿಗೆ! ಅದೇ ಕಾರಿಗೆ ಮಧ್ಯೆ ಒಮ್ಮೆ ಮುಂದಿನ ಜೋಡಿಯನ್ನು ದುಡ್ಡು ಕೊಟ್ಟು ಬದಲಿಸಿದ್ದೂ ಆಗಿತ್ತು.

ಮುಂದಿನವೇ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಸಣ್ಣ ಕಾರುಗಳಲ್ಲಿ ಬಹುಪಾಲಿನವಕ್ಕೆ ಎಂಜಿನ್ನಿನ ಎಳೆತ ಬೀಳುವುದು ಮುಂದಿನ ಚಕ್ರಕ್ಕೆ; ತಿರುಗುವುದೂ ಅವೇ, ಬ್ರೇಕ್ ಒತ್ತಿದಾಗ ಹೆಚ್ಚು ಭಾರ ಹೊರುವುದೂ ಅವೇ. ಜೊತೆಗೆ ನಮ್ಮ ರಸ್ತೆ. ಹೊನ್ನಾಳಿ, ನ್ಯಾಮತಿ ಕಡೆ ಸುಗ್ಗಿಯಲ್ಲಿ ಅರ್ಧ ಡಾಂಬರು ಮೆಕ್ಕೆಜೋಳದ್ದು. ಕಾಳಿಗೆ ಕಾವಲಿಟ್ಟ ಕಲ್ಲು ತಪ್ಪಿಸಲು ಅಂಚಿಗಿಳಿದು ಹತ್ತಿದರೆ ಅಲೈನ್‌ಮೆಂಟ್ ಕೆಡುತ್ತದೆ, ಟೈರು ಒಂದೇ ಬದಿಗೆ ಸವೆಯುತ್ತದೆ.

ಟೈರು ಅದಲುಬದಲು ಮಾಡಿದರೆ ಭಾರೀ ಉಳಿತಾಯ ಎನ್ನುವವರ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಮುಂದಿನ ಟೈರು 30,000 ಕಿ.ಮೀ., ಹಿಂದಿನದು 60,000 ಕಿ.ಮೀ. ಬಾಳುತ್ತದೆ ಎಂದಿಟ್ಟುಕೊಳ್ಳಿ. ಇದ್ದಲ್ಲೇ ಬಿಟ್ಟರೆ 60,000 ಕಿ.ಮೀ.ಗೆ ಆರು ಟೈರು ಸವೆಯುತ್ತವೆ. ನಾಲ್ಕನ್ನಷ್ಟೇ ಸುತ್ತಿಸಿದರೆ ನಾಲ್ಕೂ 40,000ಕ್ಕೆ ಒಟ್ಟಿಗೆ ಮುಗಿಯುತ್ತವೆ. ಎರಡೂ ಒಂದೇ ಲೆಕ್ಕ, ರಬ್ಬರೇನೂ ಹುಟ್ಟಿಕೊಳ್ಳುವುದಿಲ್ಲ. ಹಿಡಿತ ಸಮನಾಗಿರುತ್ತದೆ, ಒಂದೇ ಬದಿ ಸವೆದ ಟೈರನ್ನು ಅರ್ಧ ಆಯಸ್ಸಿನಲ್ಲೇ ಎಸೆಯುವುದು ತಪ್ಪುತ್ತದೆ, ಅಷ್ಟೇ. ಸ್ಟೆಪ್ನಿಯೂ ಸೇರಿದರೆ ಐದೂ ಮುಗಿಯುವುದು ಕಾರು 50,000 ಓಡಿದ ಮೇಲೆ. ಕೊಳೆತು ಹೋಗುತ್ತಿದ್ದ 10,000 ಕಿ.ಮೀ. ದಕ್ಕುವುದು ಅಲ್ಲಿ.

ಅಂದಹಾಗೆ, ಈ ‘ಸ್ಟೆಪ್ನಿ’ ವೇಲ್ಸ್‌ನ ಲನೆಥ್ಲಿ ಊರಿನ ಒಂದು ಬೀದಿಯ ಹೆಸರು. ಡೇವಿಸ್ ಸಹೋದರರು 1904ರ ಸುಮಾರಿಗೆ ಬಿಡಿಚಕ್ರ ತಯಾರಿಸಿದ್ದು ಅಲ್ಲಿ.

ಪಂಚರಾದ ಆ ವಾರವೇ ಅಂಕಣಕಾರ ಐದು ಟೈರು ಕೊಂಡ, ಒಂದಕ್ಕೆ ಸುಮಾರು ನಾಲ್ಕೂವರೆ ಸಾವಿರ. ಮೂಲಬೆಲೆ 3,500, ಶೇ 28ರ ಜಿಎಸ್‌ಟಿ 980. ಮರುವರ್ಷ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 18ಕ್ಕಿಳಿಯಿತು. ಅದೇ ಟೈರಿಗೆ 350 ರೂಪಾಯಿ ಕಡಿಮೆ. ಹಣೆಬರಹ.

ಈಗ 10,000 ಕಿ.ಮೀ.ಗೊಮ್ಮೆ ಸುತ್ತು. ಹಿಂದಿನ ಎಡದ್ದು ಮುಂದಿನ ಬಲಕ್ಕೆ, ಹಿಂದಿನ ಬಲದ್ದು ಮುಂದಿನ ಎಡಕ್ಕೆ. ಮುಂದಿನ ಎಡದ್ದು ನೇರ ಹಿಂದಕ್ಕೆ, ಮುಂದಿನ ಬಲದ್ದು ಡಿಕ್ಕಿಗೆ. ಡಿಕ್ಕಿಯದು ಹಿಂದಿನ ಬಲಕ್ಕೆ. ಕಳೆದ ಬಾರಿ ಕೊಟ್ಟ ಕೂಲಿ 300 ರೂಪಾಯಿ. ಮುಂದೆ ಹಿಂದೆ ಗಾಳಿಯ ಒತ್ತಡ ಬೇರೆಯಿದ್ದರೆ ಸರಿಪಡಿಸಬೇಕು, ನೂರು ಕಿಲೋಮೀಟರ್ ಆದಮೇಲೆ ನಟ್ಟು ಮತ್ತೆ ಬಿಗಿ ಮಾಡಬೇಕು. ಬೊಲೆರೊದಂತೆ ಹಿಂದಿನ ಚಕ್ರ ತಳ್ಳುವ ಗಾಡಿಗೆ ಈ ಕ್ರಮ ಬೇರೆ. ಬಾಣದ ಗುರುತಿನ ಟೈರನ್ನು ಎಡಬಲ ಮಾಡುವಂತಿಲ್ಲ. ಡಿಕ್ಕಿಯಲ್ಲಿರುವುದು ಸಪೂರ ಸ್ಟೆಪ್ನಿಯಾದರೆ ಈ ಸುತ್ತಿಗೇ ಸೇರದು, ಅದು ಗಂಟೆಗೆ 80 ಕಿ.ಮೀ. ಮೀರದೆ ಪಂಚರ್ ಅಂಗಡಿ ಮುಟ್ಟಲಷ್ಟೇ.

ಯಾವ ಟೈರು ಎಲ್ಲಿಗೆ ಹೋಯಿತೆಂಬ ಲೆಕ್ಕ ಮನೆಯ ಹಾಲಿನ ಪುಸ್ತಕದ ಕೊನೆಯ ಹಾಳೆಯಲ್ಲಿದೆ. ಅದರ ಪ್ರಕಾರ ಈಗ ಮೂರನೇ ನಂಬರಿನದು ಡಿಕ್ಕಿಯಲ್ಲಿದೆ. ಅಡಿಕೆ ಕೊಯ್ಲು ಮುಗಿದು ಚನ್ನಗಿರಿಯಿಂದ ವಾಪಸಾದ ಮೇಲೆ ಹಿಂದಿನ ಬಲಕ್ಕೆ ಅದರ ಪಾಳಿ.