ಗಾಡಿಯ ಆರೋಗ್ಯ ಪ್ರಶ್ನೋತ್ತರ: ಸದ್ದು ಯಾವಾಗ ಬರುತ್ತದೆ, ಮೊದಲು ಅದನ್ನು ಹೇಳಿ

ಈ ಸಲದ ನಾಲ್ಕೂ ಪತ್ರಗಳು ಹಳೆಯ ಸಣ್ಣ ಕಾರುಗಳವು. ಎಲ್ಲವೂ ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ನಾಲ್ವರೂ ತಿಳಿಯಬೇಕೆಂದಿರುವುದು ಒಂದೇ: ಮುಂದೇನು ಮಾಡಲಿ? ಆ ಪ್ರಶ್ನೆಗೆ ಇನ್ನೂ ಹೊತ್ತಿದೆ. ಸದ್ದು ಅಥವಾ ನಡುಕ ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂದು ಗೊತ್ತಾಗುವ ಮುಂಚೆ ಸ್ಪ್ಯಾನರ್ ಹಿಡಿದರೆ ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ.

ಪ್ರಶ್ನೆ: ನನ್ನದು 2006ರ ಮಾರುತಿ 800. ಗೂಡಿನ ಮಾರುಕಟ್ಟೆ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಳಿಸುವಾಗ ಮುಂದಿನಿಂದ ‘ಟಕ್ ಟಕ್’ ಎನ್ನುತ್ತದೆ. ನೇರ ಹೋಗುವಾಗ ಏನೂ ಇಲ್ಲ. ಗ್ಯಾರೇಜಿನವರು ಎರಡೂ ಕಡೆ ಆಕ್ಸಲ್ ಬದಲಿಸಿ ಅನ್ನುತ್ತಾರೆ. ಹಳೇ ಗಾಡಿಗೆ ಅಷ್ಟು ಖರ್ಚು ಬೇಕೇ?
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಅಂಬಾಸಿಡರ್, ಪದ್ಮಿನಿಗಳಲ್ಲಿ ಹಿಂದಿನ ಚಕ್ರ ಗಾಡಿಯನ್ನು ತಳ್ಳುತ್ತಿತ್ತು, ಮುಂದಿನದಕ್ಕೆ ತಿರುಗುವ ಕೆಲಸ ಮಾತ್ರ. 800ರಲ್ಲಿ ಎರಡೂ ಮುಂದಿನ ಚಕ್ರದ ತಲೆಗೇ ಬಿತ್ತು. ತಿರುಗಿದ ಚಕ್ರಕ್ಕೂ ಎಂಜಿನ್ನಿನ ಬಲ ಸರಾಗವಾಗಿ ತಲುಪಬೇಕೆಂದು ಆಕ್ಸಲ್ಲಿನ ಹೊರತುದಿಯಲ್ಲಿ ಸಿವಿ ಜಾಯಿಂಟ್ ಇಟ್ಟಿದ್ದಾರೆ. ಅದರೊಳಗೆ ಉಕ್ಕಿನ ಗುಂಡುಗಳು ತೋಡುಗಳಲ್ಲಿ ಓಡಾಡುತ್ತವೆ. ಗಾಡಿ ನೇರ ಹೋಗುವಾಗ ಗುಂಡುಗಳು ಹೆಚ್ಚು ಸರಿದಾಡುವುದಿಲ್ಲ; ಪೂರ್ತಿ ತಿರುಗಿಸಿದಾಗ ಸವೆದ ತೋಡಿನ ಅಂಚಿಗೆ ಬಂದು ಬಡಿಯುತ್ತವೆ. ಹಾಗಾಗಿ ಅನುಮಾನ ಹೊರಗಿನ ಜಾಯಿಂಟಿನ ಮೇಲೇ. ಆದರೆ ಎರಡೂ ಕಡೆ ಎಂದು ಯಾರು ಪರೀಕ್ಷೆ ಮಾಡಿದರು? ಖಾಲಿ ಮೈದಾನದಲ್ಲಿ ಮೊದಲ ಗೇರಿನಲ್ಲಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಬಲಕ್ಕೊಂದು ಸುತ್ತು ಎಡಕ್ಕೊಂದು ಸುತ್ತು ಹಾಕಿ. ಯಾವ ಸುತ್ತಿನಲ್ಲಿ ಸದ್ದು ಜೋರೋ ಬರೆದಿಟ್ಟುಕೊಳ್ಳಿ. ಆಮೇಲೆ ಚಕ್ರ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಜಾಯಿಂಟಿಗೆ ಹೊದಿಸಿರುವ ರಬ್ಬರ್ ಬೂಟಿನ ಮಡಿಕೆ ಮಡಿಕೆಯನ್ನೂ ಬಿಡಿಸಿ ನೋಡಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ. ಗ್ರೀಸ್ ಹೊರಬಿದ್ದು ಮಣ್ಣು ಒಳಸೇರಿದೆ. ಸದ್ದು ಬಂದಿರುವ ಆ ಕಡೆಗೆ ಜಾಯಿಂಟೇ ಬೇಕು. ಇನ್ನೊಂದು ಕಡೆ ಬೂಟ್ ಮಾತ್ರ ಬಿರಿದು ಸದ್ದಿಲ್ಲದಿದ್ದರೆ ಜಾಯಿಂಟ್ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿದರೆ ಸಾಕು. ಹಳೇ ಗಾಡಿಗೆ ಖರ್ಚು ಬೇಕೇ ಎಂದಿರಿ. ಬೂಟಿಗೆ ಆಗುವ ಖರ್ಚನ್ನು ಮುಂದೂಡಿದ್ದಕ್ಕೇ ಈಗ ಜಾಯಿಂಟಿನ ಖರ್ಚು ಬಂದಿರುವುದು.

ಪ್ರಶ್ನೆ: 2008ರ ವ್ಯಾಗನ್‌ಆರ್. ತೋಟಕ್ಕೂ ಟೊಮೆಟೊ ಮಂಡಿಗೂ ಓಡಾಟ. ಹೊಸಕೋಟೆ ಕಡೆ ಹೋಗುವಾಗ 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಮೂರು ಸಲ ವೀಲ್ ಬ್ಯಾಲೆನ್ಸಿಂಗ್, ಎರಡು ಸಲ ಅಲೈನ್‌ಮೆಂಟ್ ಆಯಿತು. ಇನ್ನೊಂದು ಸಲ ಒಳ್ಳೆಯ ಮೆಷಿನ್ನಿನಲ್ಲಿ ಮಾಡಿಸಲೇ?
– ಟೊಮೆಟೊ ಬೆಳೆಗಾರ, ಚಿಂತಾಮಣಿ

ಉತ್ತರ: ಬೇಡ. ಗಾಡಿ ನಡುಗಿದರೆ ಅಲೈನ್‌ಮೆಂಟ್ ಮಾಡಿಸುವುದು ನಮ್ಮ ಜಿಲ್ಲೆಯ ದೊಡ್ಡ ಮೂಢನಂಬಿಕೆ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಅಷ್ಟಕ್ಕೇ ಸ್ಟೇರಿಂಗ್ ನಡುಗುವುದಿಲ್ಲ. ನಡುಕ ಬರಬೇಕಾದರೆ ಸುತ್ತುವ ಯಾವುದೋ ಒಂದು ವಸ್ತು ಸಮವಾಗಿ ಸುತ್ತುತ್ತಿಲ್ಲ ಎಂದರ್ಥ. ಗಂಟೆಗೆ 85 ಕಿಲೋಮೀಟರ್ ಓಡುವಾಗ 13 ಇಂಚಿನ ರಿಮ್ಮಿನ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ. ಎಂಜಿನ್ ತಿರುಗುವುದು ಅದಕ್ಕಿಂತ ಎಷ್ಟೋ ವೇಗವಾಗಿ, ಆ ವೇಗವೂ ಗೇರಿನ ಮೇಲೆ ನಿಂತಿದೆ. ಇಬ್ಬರಲ್ಲಿ ತಪ್ಪು ಯಾರದು ಎಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯಿದೆ. ವಾಹನವಿಲ್ಲದ ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ನಡುಕ ಹಾಗೇ ಉಳಿದರೆ ತಪ್ಪು ಟೈರ್, ರಿಮ್ ಅಥವಾ ಹಬ್ಬಿನದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದೊಡನೆ ನಿಂತರೆ ಆಕ್ಸಲ್ಲಿನ ಒಳತುದಿಯ ಜಾಯಿಂಟ್ ನೋಡಬೇಕು. ಅದನ್ನು ಯಾವ ಬ್ಯಾಲೆನ್ಸಿಂಗ್ ಮೆಷಿನ್ನೂ ತೋರಿಸದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ‘ಮೆಷಿನ್ನಿನಲ್ಲಿ ಸೊನ್ನೆ ತೋರಿಸಿದ್ದಾರೆ, ಚಕ್ರ ಹೇಗೆ ಕೆಟ್ಟಿರುತ್ತದೆ?’ ಎಂದು ನೀವು ಕೇಳಬಹುದು. ಮೆಷಿನ್ ನೋಡುವುದು ತೂಕವನ್ನು. ರಿಮ್ ಸೊಟ್ಟಗಾಗಿದ್ದರೂ, ಟೈರಿನ ಒಳಪದರ ಬಿಟ್ಟುಕೊಂಡು ಉಬ್ಬಿದ್ದರೂ ಸೀಸದ ತುಂಡು ಅಂಟಿಸಿ ತೂಕ ಸರಿಮಾಡಬಹುದು. ಆ ಚಕ್ರ ರಸ್ತೆಯ ಮೇಲೆ ಕುಂಟುತ್ತಲೇ ಇರುತ್ತದೆ. ಗಾಡಿ ಜಾಕಿಗೆ ಏರಿಸಿ, ಸ್ಟ್ಯಾಂಡ್ ಕೊಟ್ಟು, ರಿಮ್ಮಿನ ಅಂಚಿಗೆ ಒಂದು ಕಡ್ಡಿ ನಿಲ್ಲಿಸಿ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಕಾಯಿಲೆ ಕಣ್ಣಿಗೇ ಕಾಣುತ್ತದೆ. ಅದಕ್ಕೂ ಮುಂಚೆ ರಿಮ್ಮಿನ ಒಳಮೈ ತೊಳೆಸಿ. ನಿಮ್ಮ ತೋಟದ ಕೆಮ್ಮಣ್ಣು ಮಳೆಗಾಲದಲ್ಲಿ ಅಲ್ಲಿ ಹೋಗಿ ಕೂತು ಒಣಗಿದರೆ, ಹೊಸ ಬ್ಯಾಲೆನ್ಸಿಂಗ್ ಮಾಡಿಸಿದ ವಾರದಲ್ಲೇ ನಡುಕ ವಾಪಸ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖೂ ಇರುತ್ತದೆ: 2316 ಎಂದಿದ್ದರೆ 2016ರ 23ನೇ ವಾರದ ಟೈರ್. ಟ್ರೆಡ್ ಚೆನ್ನಾಗಿದೆ ಎಂದು ಅಂಥದ್ದನ್ನು ಇನ್ನೂ ಓಡಿಸುತ್ತಿದ್ದರೆ ನಿಮ್ಮ ಪ್ರಶ್ನೆ ಬ್ಯಾಲೆನ್ಸಿಂಗಿನದಲ್ಲ, ಟೈರಿನದು.

ಪ್ರಶ್ನೆ: 1997ರ ಝೆನ್. ನಾಲ್ಕು ಜನ ಕೂತು ಏರು ಹತ್ತುವಾಗ ಎಂಜಿನ್ನಿನಿಂದ ‘ಕಟ ಕಟ’ ಸದ್ದು. ಎಥನಾಲ್ ಪೆಟ್ರೋಲ್ ಬಂದ ಮೇಲೆ ಶುರುವಾಯಿತು. ಡಬ್ಬಿಯಲ್ಲಿ ಸಿಗುವ ಔಷಧ ಟ್ಯಾಂಕಿಗೆ ಹಾಕಲೇ?
– ನಿವೃತ್ತ ಶಿಕ್ಷಕರು, ಗೌರಿಬಿದನೂರು

ಉತ್ತರ: ಮೇಷ್ಟ್ರೇ, ಎಥನಾಲಿನ ಮೇಲೆ ಬೇರೆ ದೂರುಗಳಿರಬಹುದು. ಮೈಲೇಜು ಇಳಿಯುತ್ತದೆ, ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರದು. ಕಾರ್ಬ್ಯುರೇಟರ್ ಗಾಡಿಯಲ್ಲಿ ಮಿಶ್ರಣ ತೆಳುವಾಗಿ ಪಿಕಪ್ ತಡವರಿಸಬಹುದು. ‘ಕಟ ಕಟ’ ಸದ್ದಿನ, ಅಂದರೆ ನಾಕಿಂಗಿನ, ಅಪವಾದವನ್ನು ಮಾತ್ರ ಅದರ ಮೇಲೆ ಹೊರಿಸುವುದು ಕಷ್ಟ. ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣವನ್ನು ಆಕ್ಟೇನ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಾದಾ ಪೆಟ್ರೋಲಿನದು 91ರ ಆಸುಪಾಸು, ಎಥನಾಲಿನದು 100ಕ್ಕೂ ಮೇಲೆ. ಬೆರೆಸಿದರೆ ನಾಕಿಂಗ್ ತಗ್ಗಬೇಕು. ಹೊಸ ಪೆಟ್ರೋಲ್ ಬಂದ ಮೇಲೆ ಸದ್ದು ಬಂತು ಎನ್ನುತ್ತೀರಿ. ಅದೇ ಹೊತ್ತಿಗೆ ಗಾಡಿಗೂ ವಯಸ್ಸಾಯಿತಲ್ಲ. ಒಳಗೆ ಇಂಗಾಲ ಕಟ್ಟಿರಬಹುದು, ರೇಡಿಯೇಟರ್ ಅರ್ಧ ಕಟ್ಟಿಕೊಂಡು ಎಂಜಿನ್ ಬಿಸಿಯಾಗುತ್ತಿರಬಹುದು, ಡಿಸ್ಟ್ರಿಬ್ಯೂಟರಿನ ಟೈಮಿಂಗ್ ಮುಂದಕ್ಕೆ ಸರಿದಿರಬಹುದು. ಮೊದಲು ಏರಿನಲ್ಲಿ ಒಂದು ಗೇರ್ ಇಳಿಸಿ ನೋಡಿ. ಸದ್ದು ನಿಂತರೆ, ಪೆಟ್ರೋಲ್ ಉಳಿಸಲೆಂದು ಟಾಪ್ ಗೇರಿನಲ್ಲೇ ಎಂಜಿನ್ನಿನ ಉಸಿರು ಕಟ್ಟಿಸುವ ಅಭ್ಯಾಸ ಬಿಡಿ. ನಿಲ್ಲದಿದ್ದರೆ ಟೈಮಿಂಗ್ ಲೈಟ್ ಹಿಡಿಸಿ, ಪ್ಲಗ್ ಬಿಚ್ಚಿಸಿ ಅದರ ಬಣ್ಣ ನೋಡಿ, ಕೂಲಂಟ್ ಪರೀಕ್ಷಿಸಿ. ಡಬ್ಬಿಯ ಔಷಧಕ್ಕೆ ಟೈಮಿಂಗ್ ತಿದ್ದುವ ಶಕ್ತಿಯಿಲ್ಲ. ಇದೆಲ್ಲ ತೆಳುವಾದ ‘ಕಟ ಕಟ’ದ ಮಾತು. ಕೆಳಗಿನಿಂದ ‘ದಬ್ ದಬ್’ ಎಂದು ದಪ್ಪ ಸದ್ದು ಬಂದು ಆಯಿಲ್ ದೀಪ ಮಿನುಗಿದರೆ ಅದು ಬೇರಿಂಗ್. ಅಲ್ಲೇ ಎಂಜಿನ್ ಆಫ್ ಮಾಡಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಪ್ರಶ್ನೆ: ಆಲ್ಟೊ. ಹಂಪ್ ಹತ್ತಿ ಇಳಿದರೆ ಮುಂದಿನ ಎಡಗಡೆ ‘ಲೊಟಕ್’ ಎನ್ನುತ್ತದೆ. 15 ವರ್ಷ ತುಂಬಿ ಆರ್‌ಸಿ ನವೀಕರಣವೂ ಆಗಿದೆ, ಅಂದರೆ ಗಾಡಿ ಗಟ್ಟಿ ತಾನೆ? ಮುಂದಿನ ವಾರ ಹೈದರಾಬಾದಿಗೆ ಹೋಗುವುದಿದೆ.
– ಅಂಗಡಿ ಮಾಲೀಕರು, ಚಿಕ್ಕಬಳ್ಳಾಪುರ

ಉತ್ತರ: ನವೀಕರಣದ ದಿನ ಗಾಡಿ ಹೇಗಿತ್ತೆಂದು ಆ ಕಾಗದ ಹೇಳುತ್ತದೆ, ಇವತ್ತು ಹೇಗಿದೆಯೆಂದು ಹೇಳದು. ಲಿಂಕ್ ರಾಡ್, ಬುಷ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗ್ ಇವು ಲೊಟಗುಟ್ಟಿದರೆ ಕಿರಿಕಿರಿ, ಅಷ್ಟೆ. ಲೋವರ್ ಆರ್ಮಿನ ಬಾಲ್ ಜಾಯಿಂಟ್ ಲೊಟಗುಟ್ಟಿದರೆ ಪ್ರಾಣದ ಪ್ರಶ್ನೆ, ಏಕೆಂದರೆ ಚಕ್ರದ ಕೆಳಭಾಗವನ್ನು ಹಿಡಿದಿರುವುದು ಅದೊಂದೇ. ಕಳಚಿದರೆ ಚಕ್ರ ಮಡಚಿ ಗಾಡಿಯಡಿಗೆ ಹೋಗುತ್ತದೆ. ಕಾರಿನೊಳಗೆ ಕೂತ ಕಿವಿಗೆ ಈ ಎರಡು ಸದ್ದು ಬೇರೆಯಾಗಿ ಕೇಳುವುದಿಲ್ಲ, ಎಷ್ಟೇ ಅನುಭವಸ್ಥ ಮೇಸ್ತ್ರಿಯ ಕಿವಿಯಾದರೂ. ಮೊದಲು ವೀಲ್ ನಟ್ಟುಗಳು ಬಿಗಿಯಿವೆಯೇ ನೋಡಿ. ನಂತರ ಮೇಸ್ತ್ರಿ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ. ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಆಟವಿದ್ದರೆ ಸ್ಟೇರಿಂಗಿನ ಟೈ ರಾಡ್. ಲೋವರ್ ಆರ್ಮಿಗೆ ಹಾರೆ ಕೊಟ್ಟು ಎತ್ತಿಯೂ ನೋಡಲಿ. ಅರ್ಧ ಗಂಟೆಯ ಕೆಲಸ. ಅದು ಮುಗಿದು ಸರಿಯಿದೆ ಎನ್ನಿಸಿಕೊಳ್ಳುವ ತನಕ ಹೈದರಾಬಾದಿಗೆ ರೈಲಿನಲ್ಲಿ ಹೋಗಿ ಬನ್ನಿ.