ತಿದ್ದಿದ್ದನ್ನು ಮೂಲಕ್ಕೆ ಕಳಿಸು

ಪ್ರೀತಿಯ ಮಗಳೇ,

ವಿಂಡೋಸ್‌ಗೆ ಪ್ರೋಗ್ರಾಂ ಬರೆಯುವುದನ್ನು ಕಲಿಯಲೋ, ಆಂಡ್ರಾಯ್ಡ್‌ಗೋ, ಲಿನಕ್ಸ್‌ಗೋ ಎಂದು ಕೇಳಿದ್ದೀಯ. ತಾಂಡೂರಿನ ಕಲ್ಲಿನ ಅಂಗಡಿಯ ಬಿಲ್ಲು ವಿಂಡೋಸ್‌ನಲ್ಲಿ, ತೊಗರಿಯ ಧಾರಣೆ ರೈತರ ಕೈಯ ಆಂಡ್ರಾಯ್ಡ್ ಫೋನಿನಲ್ಲಿ, ನಾಳೆ ನಿನಗೆ ಕೆಲಸ ಕೊಡಬಹುದಾದ ಹೈದರಾಬಾದಿನ ಕಂಪನಿಯ ಸರ್ವರ್ ಲಿನಕ್ಸ್‌ನಲ್ಲಿ. ಒಂದನ್ನು ಹಿಡಿದರೆ ಉಳಿದೆರಡು ಕೈತಪ್ಪುತ್ತವೆ ಎಂಬ ನಿನ್ನ ದಿಗಿಲು ನನಗೆ ಅರ್ಥವಾಗುತ್ತದೆ. ಆದರೆ ಆರಿಸುವ ಗೋಜಿಗೇ ಹೋಗಬೇಡ. ಮೂರಕ್ಕೂ ಅಡಿಯಲ್ಲಿರುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಭಾಗ ಯಾವುದೋ ಅದರೊಳಗೆ ಇಳಿ. ಅಲ್ಲಿ ತಪ್ಪು ಕಂಡರೆ ತಿದ್ದು. ತಿದ್ದಿದ್ದನ್ನು ನಿನ್ನ ಯಂತ್ರದಲ್ಲೇ ಇಟ್ಟುಕೊಳ್ಳದೆ ಅದರ ಮೂಲಕ್ಕೆ ಕಳಿಸು.

ಇತಿಹಾಸವನ್ನು ತರಗತಿಯಲ್ಲಿ ಓದಿರುತ್ತೀಯ, ಉದ್ದ ಮಾಡುವುದಿಲ್ಲ. 1973ರಲ್ಲಿ ಯುನಿಕ್ಸನ್ನು ಸಿ ಭಾಷೆಯಲ್ಲಿ ಮತ್ತೆ ಬರೆದಾಗ, ಒಂದು ಯಂತ್ರದ ಆಪರೇಟಿಂಗ್ ಸಿಸ್ಟಮನ್ನು ಇನ್ನೊಂದು ಯಂತ್ರಕ್ಕೆ ಒಯ್ಯುವ ದಾರಿ ತೆರೆಯಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶದ ಗ್ನು ಯೋಜನೆಯನ್ನು ಸಾರಿದರು. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಪ್ರಕಟಿಸಿದ. ಇಂದು ನಿನ್ನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದರ ತಿರುಳಾದ ಲಿನಕ್ಸ್ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೆ ಇಲ್ಲ. ಇದನ್ನೆಲ್ಲ ನಿನ್ನನ್ನು ಬೆರಗುಗೊಳಿಸಲು ಹೇಳುತ್ತಿಲ್ಲ. ಎಲ್ಲರೂ ನಿತ್ಯ ಬಳಸುವ ಈ ಕೋಡ್ ನಿನಗೂ ತೆರೆದಿದೆ, ಯಾರ ಶಿಫಾರಸೂ ಬೇಕಿಲ್ಲ, ಅದಕ್ಕೆ ಹೇಳಿದೆ.

ಈಗ ನಮ್ಮ ಅಕ್ಷರಕ್ಕೆ ಬರೋಣ. ಈ ಸಂಗತಿ ನಿನಗೆ ಹತ್ತಿರದ್ದು, ಬೇರೆಯವರ ಕಣ್ಣಿಗೆ ಸುಲಭವಾಗಿ ಬೀಳದ್ದು.

‘ಸೂರ್ಯ’ ಎಂದು ಟೈಪ್ ಮಾಡು. ಎರಡನೇ ಅಕ್ಷರಕ್ಕೆ ನೀನು ಒತ್ತುವುದು ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. ಪರದೆಯ ಮೇಲೆ ಮೊದಲು ಯ ಮೂಡಿ ಅದರ ಬಲಕ್ಕೆ ಅರ್ಕಾವೊತ್ತು ಕೂರುತ್ತದೆ. ಹೀಗೆ ಸ್ಥಾನ ಪಲ್ಲಟ ಮಾಡಿ, ಫಾಂಟಿನಿಂದ ಸರಿಯಾದ ಆಕಾರ ಹೆಕ್ಕಿ ಜೋಡಿಸುವ ಕೆಲಸಕ್ಕೆಂದೇ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನು ಬಳಸುತ್ತವೆ. ಆ್ಯಪ್ ಕಟ್ಟಲು ಇತ್ತೀಚೆಗೆ ಹುಡುಗರೆಲ್ಲ ಕಲಿಯುತ್ತಿರುವ ಫ್ಲಟರ್‌ನ ಹೊಟ್ಟೆಯಲ್ಲೂ ಅದೇ ಇದೆ.

2017ಕ್ಕೆ ಮುಂಚೆ ಲಿಬ್ರೆಆಫೀಸ್ ಅಕ್ಷರ ಜೋಡಣೆಗೆ ವಿಂಡೋಸ್‌ನಲ್ಲಿ ಒಂದು, ಮ್ಯಾಕ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಮತ್ತೊಂದು ಎಂಜಿನ್ ಬಳಸುತ್ತಿತ್ತು. ಒಂದರಲ್ಲಿ ಒತ್ತಕ್ಷರ ಸರಿಮಾಡಿದರೆ ಇನ್ನೆರಡಕ್ಕೆ ಅದರ ಲಾಭವಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಬಂದ 5.3ನೇ ಆವೃತ್ತಿ ಎಲ್ಲ ಕಡೆ ಹಾರ್ಫ್‌ಬಜ್ ಒಂದನ್ನೇ ಹಿಡಿಯಿತು. ಅಲ್ಲಿಂದ ಮುಂದೆ ಅರ್ಕಾವೊತ್ತಿನ ಒಂದು ತಿದ್ದುಪಡಿ ಆ ಮೂಲಕ್ಕೆ ಹೋದರೆ ಬೀದರಿನ ವಿಂಡೋಸ್‌ಗೂ ನಾರಾಯಣಖೇಡದ ಲಿನಕ್ಸ್‌ಗೂ ಕ್ಯಾಲಿಫೋರ್ನಿಯಾದ ಮ್ಯಾಕ್‌ಗೂ ಮುಂದಿನ ಆವೃತ್ತಿಯ ಜೊತೆ ತಲುಪುತ್ತದೆ. ಹತ್ತು ಆ್ಯಪ್ ಮಾಡಿದರೂ ಇಷ್ಟು ಮಂದಿಗೆ ಉಪಕಾರ ಮಾಡುವುದು ಕಷ್ಟ.

ಇನ್ನೊಂದು ನೋಡು. ‘ಜಹೀರಾಬಾದ್’ ಎಂದು ಒಂದು ಫೈಲಿಗೆ ಹೆಸರಿಡು. ‘ಹೀ’ಯಲ್ಲಿನ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿ ಒಡೆದೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 2017ರವರೆಗೆ ಮ್ಯಾಕ್ ಕಂಪ್ಯೂಟರ್‌ಗಳಲ್ಲಿದ್ದ ಹಳೆಯ ಕಡತ ವ್ಯವಸ್ಥೆ ಹೆಸರನ್ನು ಒಡೆದೇ ಇಡುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಹಾಗಾಗಿ ಅಲ್ಲಿಂದ ಇಲ್ಲಿಗೆ ತಂದ ಫೋಲ್ಡರಿನಲ್ಲಿ ‘ಜಹೀರಾಬಾದ್’ ಎಂಬ ಎರಡು ಫೈಲು ಪಕ್ಕಪಕ್ಕದಲ್ಲಿ ಕೂರಬಹುದು, ಹುಡುಕಿದರೆ ಒಂದು ಮಾತ್ರ ಸಿಗಬಹುದು. ನಾರಾಯಣಖೇಡದ ‘ಖೇ’ಗೂ ಇದೇ ಪಾಡು. ತಾಂಡೂರಿಗೆ ಈ ಬಾಧೆಯಿಲ್ಲ, ಏಕೆಂದರೆ ಅದರಲ್ಲಿ ಒಡೆಯುವ ಸ್ವರಚಿಹ್ನೆಯೇ ಇಲ್ಲ.

ಮುಖ್ಯವಾದದ್ದು ಇನ್ನು ಮುಂದೆ ಇದೆ. ತೆಲುಗಿನಲ್ಲಿ ‘ಹೀ’ ಹೀಗೆ ಒಡೆಯುವುದಿಲ್ಲ. ತೆಲುಗಿನ ಏತ್ವ ದೀರ್ಘವೂ ಒಡೆಯುವುದಿಲ್ಲ. ಆದ್ದರಿಂದ ಹೈದರಾಬಾದಿನಲ್ಲಿ ಕುಳಿತ ಜಾಣ ಪ್ರೋಗ್ರಾಮರ್ ಒಬ್ಬ ಈ ಊರುಗಳ ಹೆಸರನ್ನು ತೆಲುಗಿನಲ್ಲಿ ಹಾಕಿ ತನ್ನ ತಂತ್ರಾಂಶವನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಹೆಸರನ್ನು ಕನ್ನಡದಲ್ಲಿ ಹಾಕಿದಾಗ ಮಾತ್ರ ತಪ್ಪು ಹೊರಬೀಳುತ್ತದೆ. ಆ ಪರೀಕ್ಷೆ ಮಾಡುವವರು ಯಾರು? ಎರಡೂ ಲಿಪಿ ಓದಬಲ್ಲ ನಿನ್ನಂಥವರು. ನಮ್ಮ ಗಡಿ ಕಡೆಯ ಮಕ್ಕಳಿಗೆ ಇಂಥ ಶಕ್ತಿ ಇದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಸಂಕಟ.

ಎರಡು ಲಿಪಿಗಳ ಈ ಬದುಕು ನಮಗೆ ಬಂದದ್ದು ಗಡಿ ಬದಲಾದದ್ದರಿಂದ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಪಾಲು, ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಅಂದಿನಿಂದ ಕನ್ನಡಕ್ಕಾಗಿ ಬೆಂಗಳೂರು ಮಾಡುವ ಖರ್ಚು ಹೆಚ್ಚಾಗಿ ಗಡಿಯ ಆಚೆಗೇ ನಿಲ್ಲುತ್ತದೆ, ಭಾಷೆಗಾಗಿ ಹೈದರಾಬಾದ್ ಮಾಡುವ ಖರ್ಚು ಸಹಜವಾಗಿಯೇ ಹೆಚ್ಚಾಗಿ ತೆಲುಗಿಗೆ ಹೋಗುತ್ತದೆ. ಯಾರನ್ನೂ ದೂರಿ ಫಲವಿಲ್ಲ. ಆದರೆ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ನೀನು ಯಾವ ರಾಜ್ಯದವಳು ಎಂಬ ಪ್ರಶ್ನೆಯೇ ಇಲ್ಲ. ಬಳಸು, ಓದು, ತಿದ್ದು, ಹಂಚು ಎಂಬ ನಾಲ್ಕು ಹಕ್ಕು ಜಹೀರಾಬಾದಿನಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ.

ನಮ್ಮ ಹಿರಿಯರು ಇದಕ್ಕೆ ಬೇಕಾದ ನೆಲ ಹದ ಮಾಡಿದ್ದಾರೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನಾವು ಇಷ್ಟು ಸರಾಗವಾಗಿ ಟೈಪ್ ಮಾಡುತ್ತಿರಲಿಲ್ಲ. ಅದನ್ನು ಅನುಸರಿಸಿದ ಕಗಪ ವಿನ್ಯಾಸ ಇಂದು ಲಿನಕ್ಸ್‌ನಲ್ಲೂ ಸಿಗುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯಲು ಕಲಿತದ್ದು ಅವುಗಳಿಂದ. ಯುನಿಕೋಡ್ ಬಳಕೆ ಹರಡುವ ಮುಂಚಿನ ಆ ಕಾಲದಲ್ಲಿ ಪಠ್ಯವೆಲ್ಲ ಫಾಂಟಿನ ಸಂಕೇತಗಳಿಗೆ ಕಟ್ಟುಬಿದ್ದಿತ್ತು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ. ನಿಮ್ಮೂರಿನ ಡಿಟಿಪಿ ಅಂಗಡಿಯ ಹಳೆಯ ಕಡತಗಳಲ್ಲಿ ಇಂಥವು ಎಷ್ಟಿವೆ, ಕೇಳಿ ನೋಡು. ಅವನ್ನು ಯುನಿಕೋಡ್‌ಗೆ ತರಲು ನೆರವಾಗುವುದು ಒಳ್ಳೆಯ ಮೊದಲ ಕೆಲಸ.

ಆಮೇಲೆ ಬಂದವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಲಿನಕ್ಸ್‌ನ ಭಂಡಾರಕ್ಕೇ ಸೇರಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಆ ದತ್ತಾಂಶವನ್ನು ನೀನು ನಿನ್ನ ಪ್ರೋಗ್ರಾಮಿನಲ್ಲಿ ಬಳಸಬಹುದು. ಒಬ್ಬ ಮನುಷ್ಯ ತನ್ನ ಜೀವಮಾನದ ದುಡಿಮೆಯನ್ನು ಹೀಗೆ ಕೊಟ್ಟುಬಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ.

ಸಣ್ಣ ಊರಿನವಳು, ನನ್ನ ಮಾತು ಯಾರು ಕೇಳುತ್ತಾರೆ ಎಂದೂ ಬರೆದಿದ್ದೀಯ. ಜಹೀರಾಬಾದಿನ ಹತ್ತಿರದ ಮಾಚ್ನೂರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಸಂಘಂ ರೇಡಿಯೊ ಶುರುವಾಯಿತು. ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳೇ ಮೈಕು ಹಿಡಿದರು, ಧ್ವನಿ ಮಿಶ್ರಣ ಕಲಿತರು. ಅವರ ಊರು ನಿನ್ನ ಊರಿಗಿಂತ ಚಿಕ್ಕದು.

ಉಪಕರಣದ ಮಾತು ಚುಟುಕಾಗಿ. ಪೈಥಾನ್‌ನಿಂದ ಶುರುಮಾಡು, ಗಿಟ್ ಕಲಿ, ಸಿ ಓದಲು ಬರುವಷ್ಟು ಕಲಿ. ಫೋನಿಗೆ ಫ್ಲಟರ್ ಆಗಲಿ, ಡೆಸ್ಕ್‌ಟಾಪ್‌ಗೆ ಕ್ಯೂಟಿ ಆಗಲಿ, ಇಷ್ಟವಾದದ್ದನ್ನು ಹಿಡಿ. ಇವು ಬರುತ್ತವೆ, ಹೋಗುತ್ತವೆ. ದತ್ತಾಂಶವನ್ನು ಮಾತ್ರ ಯಾವ ಒಂದು ಕಂಪನಿಯ ಗುಟ್ಟಿನ ರೂಪದಲ್ಲೂ ಇಡಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಾರಾದರೂ ಅಂಥ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಹೊರಟಿದ್ದರೆ ಕೇಳಿ ತೆಗೆದುಕೊಂಡು ಡೆಬಿಯನ್ ಹಾಕಿಕೋ.

ಕನ್ನಡಕ್ಕೇ ಒಂದು ಹೊಸ ಆಪರೇಟಿಂಗ್ ಸಿಸ್ಟಮ್ ಮಾಡೋಣ ಎಂಬ ನಿನ್ನ ಗೆಳೆಯರ ಉತ್ಸಾಹ ಚೆನ್ನಾಗಿದೆ, ಆದರೆ ನನಗೆ ಅದು ಬೇಡ ಅನ್ನಿಸುತ್ತದೆ. ಹೆಸರು, ವಾಲ್‌ಪೇಪರ್ ಬದಲಿಸಿದ ಲಿನಕ್ಸನ್ನು ನಾಲ್ಕು ವರ್ಷ ನಿರ್ವಹಿಸುವ ಜನ ಸಿಗುವುದಿಲ್ಲ. ಅದೇ ಜನ ಡೆಬಿಯನ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ಕನ್ನಡದ ಒಂದೊಂದು ತಪ್ಪು ತಿದ್ದಿದರೆ ಅದು ಉಳಿಯುತ್ತದೆ. ಹೈದರಾಬಾದಿನ ಮುಕ್ತ ತಂತ್ರಾಂಶದ ಸ್ವೇಚ್ಛಾ ಬಳಗದವರು ತೆಲುಗಿಗೆ ವರ್ಷಗಳಿಂದ ದುಡಿಯುತ್ತಿದ್ದಾರೆ, ಅವರ ಪರಿಚಯ ಮಾಡಿಕೋ. ಅವರ ಕೆಲಸ ನಿನ್ನದಕ್ಕೆ ದೂರದ್ದಲ್ಲ. ಯುನಿಕೋಡ್‌ನಲ್ಲಿ ತೆಲುಗಿನ ಕ 3093ನೇ ಸ್ಥಾನದಲ್ಲಿದೆ, ಕನ್ನಡದ ಕ 3221ರಲ್ಲಿ. ನಡುವಿನ ಅಂತರ 128. ಖ, ಗ, ಘಗಳಿಗೂ ಅಷ್ಟೇ. ಎರಡೂ ಲಿಪಿ ಒಂದೇ ಬೇರಿನಿಂದ ಬಂದು ಅಕ್ಕಪಕ್ಕದ ಮನೆಗಳಲ್ಲಿ ಕೂತಿವೆ. ಸ್ವೇಚ್ಛಾದವರು ತಿದ್ದುಪಡಿಗಳನ್ನು ಹೇಗೆ ಬರೆದಿದ್ದಾರೆ ಎಂದು ಓದಿದರೆ ನಿನ್ನದರ ಅರ್ಧ ದಾರಿ ಸವೆದಂತೆ.

ಮೊದಲ ಬಗ್ ವರದಿಗೆ ‘ರ‍್ಯಾಂಕ್’ ಪದವನ್ನು ತೆಗೆದುಕೋ. ಇಲ್ಲಿ ಅರ್ಕಾವೊತ್ತು ಬಾರದಂತೆ ತಡೆಯುವುದು ರ ಆದಮೇಲೆ ಬರುವ, ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ. ಕಾಣದ ಸಂಕೇತ ಕಸವೆಂದು ಅಳಿಸಿಹಾಕುವ ಪ್ರೋಗ್ರಾಂಗಳಿವೆ. ಆಗ ಪದ ‘ರ್ಯಾಂಕ್’ ಆಗಿಬಿಡುತ್ತದೆ. ನೀನು ಬಳಸುವ ಮುಕ್ತ ತಂತ್ರಾಂಶಗಳಲ್ಲಿ ಈ ಪದವನ್ನು ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡು. ಕೆಟ್ಟಿದ್ದರೆ ತಂತ್ರಾಂಶದ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಫಾಂಟಿನ ಹೆಸರು ಬರೆ. ಬರಬೇಕಿದ್ದ ರೂಪ, ಬಂದ ರೂಪ ಎರಡರ ಚಿತ್ರವನ್ನೂ ಸಂಕೇತಗಳ ಸಾಲನ್ನೂ ಸೇರಿಸು. ಕನ್ನಡ ಬಾರದವರು ಓದುತ್ತಾರೆ ಎಂಬುದನ್ನು ಮರೆಯದೆ ಬರೆ. ಕಳಿಸಿದ ಮೇಲೆ ನನಗೂ ಒಂದು ಪ್ರತಿ ಹಾಕು, ನನ್ನ ಯಂತ್ರದಲ್ಲೂ ಹಾಗೇ ಆಗುತ್ತದೆಯೇ ನೋಡಿ ಅದರ ಕೆಳಗೆ ಬರೆಯುತ್ತೇನೆ.

ಇಂತಿ ನಿನ್ನ ಹಿತೈಷಿ